ಚಾವಣಿಗೆ ಶಾಖದ ತಡೆ

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯು ಸುಮಾರು ೧೨ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಮನೆಗಳ ಒಂದು ಮುಖ್ಯ ಸಮಸ್ಯೆ ಈ ಒಂದು ಸಂಖ್ಯೆಯಲ್ಲಿಯೇ ಅಡಗಿದೆ. ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ ೨೨ ರ ಸುಮಾರಿಗೊಮ್ಮೆ ಮತ್ತು ಆಗಸ್ಟ್ ೨೨ ರ ಸುಮಾರಿಗೊಮ್ಮೆ, ನಡುಹಗಲಿನಲ್ಲಿ ಸೂರ್ಯನು ಆ ಊರಿನ ನೆತ್ತಿಗೆ ನೇರವಾಗಿ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಗೋಡೆಗಳ ಮೇಲೆ ಬಿಸಿಲು ಬೀಳುವುದಿಲ್ಲ. ಬಿಸಿಲಿನ ಸಂಪೂರ್ಣ ಭಾರವನ್ನು ಚಾವಣಿಯೊಂದೇ ಹೊರಬೇಕಾಗುತ್ತದೆ.

ಆ ಭಾರ ಎಷ್ಟು? ಮೋಡವಿಲ್ಲದ ಬೇಸಗೆಯ ಮಧ್ಯಾಹ್ನ ಒಂದು ಚದರ ಮೀಟರು ನೆಲದ ಮೇಲೆ ಬೀಳುವ ಸೂರ್ಯಶಕ್ತಿ ೯೦೦ ರಿಂದ ೧೦೦೦ ವ್ಯಾಟಿನಷ್ಟು. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಸಾಧಾರಣ ಕೋಣೆಯ ಚಾವಣಿಯ ವಿಸ್ತೀರ್ಣ ಸುಮಾರು ೧೧ ಚದರ ಮೀಟರು. ಎಂದರೆ, ಒಂದೊಂದು ಸಾವಿರ ವ್ಯಾಟಿನ ಹತ್ತು ವಿದ್ಯುತ್ ಒಲೆಗಳನ್ನು ಆ ಚಾವಣಿಯ ಮೇಲೆ ಹೊತ್ತಿಸಿಟ್ಟಂತಾಯಿತು. ಕೆಳಗೆ ಕುಳಿತು ಪರೀಕ್ಷೆಗೆ ಓದುವ ವಿದ್ಯಾರ್ಥಿಯಾಗಲಿ, ತೊಟ್ಟಿಲಿನಲ್ಲಿ ಮಲಗಿದ ಮಗುವಾಗಲಿ, ಹಾಸಿಗೆ ಹಿಡಿದ ಮುದುಕರಾಗಲಿ, ಈ ಬೆಂಕಿಯಲ್ಲಿ ಎಷ್ಟು ಪಾಲು ಒಳಕ್ಕಿಳಿಯುವುದೆಂಬುದರ ಮೇಲೆ ಅವರ ನೆಮ್ಮದಿ ನಿಂತಿದೆ. ಬಿಸಿಲಗಾಳಿಯ ದಿನಗಳಲ್ಲಿ ಮುದುಕರ ಪಾಲಿಗೆ ಇದು ಬರಿಯ ನೆಮ್ಮದಿಯ ಮಾತಲ್ಲ, ಜೀವದ ಮಾತು.

ಈಚಿನ ವರ್ಷಗಳಲ್ಲಿ ಚಾವಣಿಗೆ ಶಾಖದ ತಡೆ ಒದಗಿಸುವುದಾಗಿ ಹೇಳಿಕೊಳ್ಳುವ ಹಾಳೆಗಳು, ಹಲಗೆಗಳು, ಬಣ್ಣಗಳು ಸಣ್ಣ ಪಟ್ಟಣಗಳ ಅಂಗಡಿಗಳಿಗೂ ಬಂದಿವೆ. ಎಲ್ಲವೂ ತಂಪು ಕೊಡುತ್ತವೆಂದೇ ಮಾರುವವರು ಹೇಳುತ್ತಾರೆ. ಆದರೆ ಒಂದು ಚಾವಣಿಗೆ ಒಪ್ಪುವ ತಡೆ ಇನ್ನೊಂದಕ್ಕೆ ವ್ಯರ್ಥವಾಗಬಹುದು. ಆದಕಾರಣ ಯಾವ ವಸ್ತು ಒಳ್ಳೆಯದೆಂದು ಕೇಳುವ ಮೊದಲು, ಶಾಖ ಯಾವ ದಾರಿಯಿಂದ ಬರುತ್ತಿದೆಯೆಂದು ನಾವು ಕೇಳಬೇಕು.

ಶಾಖದ ಮೂರು ದಾರಿಗಳು

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಗಳಲ್ಲಿ ಹರಿಯುವುದೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಚಾವಣಿಯಲ್ಲಿ ಈ ಮೂರೂ ಕೂಡಿ ಕೆಲಸ ಮಾಡುತ್ತವೆ. ಸೂರ್ಯನಿಂದ ಚಾವಣಿಯ ಮೇಲ್ಮೈಗೆ ಶಾಖ ಬರುವುದು ವಿಕಿರಣದಿಂದ. ಮೇಲ್ಮೈಯಿಂದ ಕೆಳಮೈಗೆ ಅದು ಇಳಿಯುವುದು ವಹನದಿಂದ. ಕೆಳಮೈಯಿಂದ ನಮ್ಮ ಮೈಗೆ ಅದು ತಲಪುವ ರೀತಿಯನ್ನು ಮಾತ್ರ ಸ್ವಲ್ಪ ಗಮನಿಸಬೇಕು. ಕಾದ ಗಾಳಿ ಹಗುರವಾಗಿ ಮೇಲಕ್ಕೇರುವುದು ಸಹಜ. ಇಲ್ಲಿ ಅದು ಮೊದಲೇ ಮೇಲಿದೆ. ಚಾವಣಿಗೆ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಸಂವಹನದಿಂದ ಕೆಳಕ್ಕೆ ಬರುವ ಶಾಖ ಅಲ್ಪ. ಬಹುಪಾಲು ಶಾಖವನ್ನು ಬಿಸಿಯಾದ ಚಾವಣಿಯು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ನಮ್ಮ ಮೇಲೆ ಸುರಿಯುತ್ತದೆ. ಫ್ಯಾನು ಎಷ್ಟು ತಿರುಗಿದರೂ ತಗಡಿನ ಮನೆಯಲ್ಲಿ ನೆತ್ತಿ ಕಾಯುತ್ತಲೇ ಇರುವುದು ಈ ಕಾರಣದಿಂದ. ಗಾಳಿ ಬೀಸಿ ಕಿರಣಗಳನ್ನು ತಡೆಯಲಾಗದು.

ಮೂರು ದಾರಿಗಳಿದ್ದಂತೆ ಮೂರು ಕಾವಲುಗಳೂ ಉಂಟು. ಮೇಲ್ಮೈಯನ್ನು ಬೆಳ್ಳಗೆ ಮಾಡಿ ಬಿಸಿಲನ್ನು ಹಿಂದಿರುಗಿಸುವುದು ಮೊದಲನೆಯದು. ದಾರಿಯ ನಡುವೆ ಶಾಖವನ್ನು ಸುಲಭವಾಗಿ ಬಿಡದ ವಸ್ತುವನ್ನಿಡುವುದು ಎರಡನೆಯದು. ಕೆಳಮೈಯಿಂದ ಹೊರಡುವ ಕಿರಣಗಳನ್ನು ಅಡ್ಡಗಟ್ಟುವುದು ಮೂರನೆಯದು.

ನಿಶ್ಚಲವಾದ ಗಾಳಿಯೇ ಕಂಬಳಿ

ಚಳಿಯಲ್ಲಿ ಕಂಬಳಿ ಬೆಚ್ಚಗಿಡುವುದೇಕೆ? ಉಣ್ಣೆಯ ಎಳೆಗಳಿಗಿಂತ ಹೆಚ್ಚಾಗಿ, ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯೇ ಈ ಕೆಲಸ ಮಾಡುತ್ತದೆ. ರಂಫರ್ಡ್ ಎಂದು ಪ್ರಸಿದ್ಧನಾದ ಬೆಂಜಮಿನ್ ಥಾಮ್ಸನ್ ಎಂಬ ವಿಜ್ಞಾನಿ ತುಪ್ಪಳ, ಉಣ್ಣೆ, ಗರಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ಇದನ್ನು ಕಂಡುಕೊಂಡನು. ಶಾಖವನ್ನು ಕುರಿತ ಅವನ ಶೋಧನೆಗಳಿಗಾಗಿ ಲಂಡನ್ನಿನ ರಾಯಲ್ ಸೊಸೈಟಿ ೧೭೯೨ ರಲ್ಲಿ ಕಾಪ್ಲೆ ಪದಕವನ್ನಿತ್ತಿತು. ಇಂದಿನ ಥರ್ಮೊಕೋಲ್, ಗಾಜಿನ ಉಣ್ಣೆ, ತೆಂಗಿನ ನಾರಿನ ಹಲಗೆ ಇವೆಲ್ಲವೂ ಗಾಳಿಯನ್ನು ಸೆರೆಹಿಡಿಯುವ ಉಪಾಯಗಳೇ.

ಒಂದು ವಸ್ತು ಶಾಖವನ್ನು ಎಷ್ಟು ಸುಲಭವಾಗಿ ಬಿಡುತ್ತದೆಂಬುದನ್ನು ಅದರ ವಹನಾಂಕ ಸೂಚಿಸುತ್ತದೆ. ಒಂದು ಮೀಟರು ದಪ್ಪದ, ಒಂದು ಚದರ ಮೀಟರು ವಿಸ್ತೀರ್ಣದ ವಸ್ತುವಿನ ಎರಡು ಮುಖಗಳ ನಡುವೆ ಒಂದು ಡಿಗ್ರಿ ಅಂತರವಿದ್ದಾಗ ಹರಿಯುವ ವ್ಯಾಟುಗಳೇ ಈ ಅಂಕ. ಕೆಲವು ವಸ್ತುಗಳ ವಹನಾಂಕಗಳು ಸುಮಾರು ಹೀಗಿವೆ:

ಉಕ್ಕಿನ ತಗಡು: ೬೦
ಕಬ್ಬಿಣ ಕಟ್ಟಿದ ಕಾಂಕ್ರೀಟು: ೧.೫೮
ಸುಟ್ಟ ಇಟ್ಟಿಗೆ, ಹೆಂಚು: ೦.೮
ನೀರು: ೦.೬
ಹುಲ್ಲು ಬೆರೆಸಿದ ಮಣ್ಣು: ೦.೫೨
ಗಾಜಿನ ಉಣ್ಣೆ: ೦.೦೪
ಥರ್ಮೊಕೋಲ್: ೦.೦೩೫
ನಿಶ್ಚಲವಾದ ಗಾಳಿ: ೦.೦೨೬

ಈ ಪಟ್ಟಿಯಲ್ಲಿ ನೀರನ್ನು ಸೇರಿಸಿರುವುದಕ್ಕೆ ಕಾರಣವಿದೆ. ನೀರಿನ ವಹನಾಂಕವು ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ತಡೆಯ ವಸ್ತು ಮಳೆಯಲ್ಲಿ ನೆನೆದು, ಅದರ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಅದು ತಡೆಯಾಗಿ ಉಳಿಯುವುದಿಲ್ಲ. ಸೋರುವ ಚಾವಣಿಗೆ ಮೊದಲು ಸೋರಿಕೆಯ ದುರಸ್ತಿ, ಆಮೇಲೆ ಶಾಖದ ತಡೆ.

ಒಂದು ಲೆಕ್ಕ

ಈಗ ಕಾಗದ ಪೆನ್ಸಿಲುಗಳನ್ನು ಹಿಡಿದು ಒಂದು ಲೆಕ್ಕ ಮಾಡೋಣ. ವಸ್ತುವಿನ ದಪ್ಪವನ್ನು ಮೀಟರುಗಳಲ್ಲಿ ಅಳೆದು ವಹನಾಂಕದಿಂದ ಭಾಗಿಸಿದರೆ ಅದರ ರೋಧ ದೊರೆಯುತ್ತದೆ. ೧೦ ಸೆಂಟಿಮೀಟರು ದಪ್ಪದ ಕಾಂಕ್ರೀಟು ತಾರಸಿಯ ರೋಧ ೦.೧೦ ನ್ನು ೧.೫೮ ರಿಂದ ಭಾಗಿಸಿದಷ್ಟು, ಎಂದರೆ ೦.೦೬೩. ತಾರಸಿಯ ಮೇಲೂ ಕೆಳಗೂ ಮೈಗಂಟಿದ ಗಾಳಿಯ ತೆಳುವಾದ ಪದರಗಳಿಗೆ ಒಟ್ಟು ೦.೧೫ ರೋಧವನ್ನು ಸೇರಿಸಿದರೆ ೦.೨೧೩ ಆಗುತ್ತದೆ. ಇದನ್ನು ತಲೆಕೆಳಗು ಮಾಡಿದರೆ, ಎಂದರೆ ೧ ನ್ನು ಇದರಿಂದ ಭಾಗಿಸಿದರೆ, ೪.೭ ಬರುತ್ತದೆ. ಮೇಲಕ್ಕೂ ಕೆಳಕ್ಕೂ ಒಂದು ಡಿಗ್ರಿ ಅಂತರವಿರುವಾಗ ಪ್ರತಿ ಚದರ ಮೀಟರಿನಿಂದ ೪.೭ ವ್ಯಾಟ್ ಒಳಕ್ಕೆ ಬರುತ್ತದೆಂದು ಇದರ ಅರ್ಥ. ಈ ಅಂಕವನ್ನು ಪ್ರವೇಶಾಂಕ ಎಂದು ಕರೆಯೋಣ. ಕೇಂದ್ರ ಸರ್ಕಾರವು ೨೦೧೮ ರಲ್ಲಿ ಪ್ರಕಟಿಸಿದ ಇಕೊ ನಿವಾಸ್ ಸಂಹಿತೆಯು ವಾಸದ ಕಟ್ಟಡಗಳ ಚಾವಣಿಗೆ ಈ ಅಂಕ ೧.೨ ನ್ನು ಮೀರಬಾರದೆಂದು ಹೇಳಿದೆ. ನಮ್ಮ ಸಾಧಾರಣ ತಾರಸಿ ಇದರ ಸುಮಾರು ನಾಲ್ಕರಷ್ಟಿದೆ.

೧.೨ ಕ್ಕೆ ಇಳಿಸಬೇಕಾದರೆ ಇನ್ನೂ ೦.೬೨ ರಷ್ಟು ರೋಧ ಬೇಕು. ಇದನ್ನು ಕಾಂಕ್ರೀಟಿನಿಂದಲೇ ಪಡೆಯಹೊರಟರೆ ಸುಮಾರು ಒಂದು ಮೀಟರು ದಪ್ಪದ ಕಾಂಕ್ರೀಟನ್ನು ಸುರಿಯಬೇಕಾಗುತ್ತದೆ! ಮಣ್ಣಿನಿಂದಾದರೆ ಒಂದು ಅಡಿಗಿಂತ ತುಸು ಹೆಚ್ಚು. ಅದರ ತೂಕ ಚದರ ಮೀಟರಿಗೆ ಅರ್ಧ ಟನ್ನಿನಷ್ಟಾಗುವುದರಿಂದ ಈಗಿನ ತೆಳು ತಾರಸಿಗಳು ಅದನ್ನು ತಾಳಲಾರವು. ಥರ್ಮೊಕೋಲಿನಿಂದಾದರೆ ಒಂದು ಅಂಗುಲ ಸಾಕು. ಒಂದು ಅಂಗುಲದಿಂದ ಪ್ರವೇಶಾಂಕ ೧.೦೮ ಕ್ಕೆ ಇಳಿಯುತ್ತದೆ.

ಇದನ್ನು ನಮ್ಮ ಕೋಣೆಗೆ ಅನ್ವಯಿಸೋಣ. ಬಿಸಿಲಿನ ಪರಿಣಾಮವನ್ನೂ ಗಣನೆಗೆ ತೆಗೆದುಕೊಂಡು ಹೊರಗಿನ ಕಾವು ಒಳಗಿನದಕ್ಕಿಂತ ೨೦ ಡಿಗ್ರಿ ಹೆಚ್ಚೆಂದು ಇಟ್ಟುಕೊಳ್ಳೋಣ. ಬರಿಯ ತಾರಸಿಯಿಂದ ಒಳಬರುವ ಶಾಖ, ೪.೭ ನ್ನು ೧೧ ರಿಂದಲೂ ೨೦ ರಿಂದಲೂ ಗುಣಿಸಿದಷ್ಟು: ಸುಮಾರು ೧೦೩೦ ವ್ಯಾಟ್. ಒಂದು ಅಂಗುಲ ಥರ್ಮೊಕೋಲ್ ಹಾಸಿದರೆ ಸುಮಾರು ೨೪೦ ವ್ಯಾಟ್. ಇನ್ನೊಂದು ಅಂಗುಲ ಸೇರಿಸಿದರೆ ಸುಮಾರು ೧೩೫ ವ್ಯಾಟ್. ಮೊದಲನೆಯ ಅಂಗುಲ ಸುಮಾರು ೮೦೦ ವ್ಯಾಟನ್ನು ತಡೆಯಿತು. ಅದೇ ಬೆಲೆಯ ಎರಡನೆಯ ಅಂಗುಲ ತಡೆದದ್ದು ನೂರರಷ್ಟು ಮಾತ್ರ.

ಈಗ ಇನ್ನೊಂದು ದಾರಿಯನ್ನು ನೋಡೋಣ. ಹಳೆಯದಾಗಿ ಕಪ್ಪಡರಿದ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಹಿಂದಿರುಗಿಸದು. ಹೊಸದಾಗಿ ಬಳಿದ ಸುಣ್ಣ ಸುಮಾರು ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತದೆ. ಇದರಿಂದ ೨೦ ಡಿಗ್ರಿಯ ಅಂತರವು ೧೦ ಕ್ಕಿಳಿಯಿತೆಂದು ಇಟ್ಟುಕೊಂಡರೆ, ಬರಿಯ ತಾರಸಿಯ ೧೦೩೦ ವ್ಯಾಟ್ ೫೧೫ ಆಗುತ್ತದೆ; ಒಂದು ಅಂಗುಲ ಥರ್ಮೊಕೋಲ್ ಇರುವ ತಾರಸಿಯ ೨೪೦ ವ್ಯಾಟ್ ೧೨೦ ಆಗುತ್ತದೆ. ಎರಡನೆಯ ಅಂಗುಲ ಮಾಡುವ ಕೆಲಸವನ್ನು ಒಂದು ಬಕೀಟು ಸುಣ್ಣ ಅದಕ್ಕಿಂತ ಚೆನ್ನಾಗಿ ಮಾಡಿತು.

ನಿಜವಾದ ತಾರಸಿಯಲ್ಲಿ ಕಾವು ಗಂಟೆಗಂಟೆಗೆ ಬದಲಾಗುವುದರಿಂದ ಈ ಅಂಕಿಗಳು ಹೆಚ್ಚು ಕಡಿಮೆಯಾಗುತ್ತವೆ. ಆದರೆ ಲೆಕ್ಕದ ತಾತ್ಪರ್ಯ ಬದಲಾಗುವುದಿಲ್ಲ. ಮೊದಲು ಬಿಳುಪು, ಆಮೇಲೆ ಸಾಧಾರಣ ದಪ್ಪದ ತಡೆ; ದಪ್ಪವನ್ನು ಹೆಚ್ಚಿಸುತ್ತ ಹೋಗುವುದು ಕಡೆಯ ಮಾತು. ಶೀತದೇಶಗಳಲ್ಲಿ ಒಲೆಯ ಶಾಖವನ್ನು ಒಳಗೆ ಹಿಡಿದಿಡಲು ದಪ್ಪವಾದ ತಡೆ ಬೇಕು. ನಮ್ಮಲ್ಲಿ ಶಾಖದ ಮೂಲ ನೆತ್ತಿಯ ಮೇಲಿನ ಸೂರ್ಯ. ಅವನನ್ನು ಹೊರಗಿನಿಂದಲೇ ಹಿಂದಕ್ಕೆ ಕಳುಹಿಸುವ ಅನುಕೂಲ ನಮಗಿದೆ. ತೆಲಂಗಾಣ ರಾಜ್ಯವು ೨೦೨೩ ರಲ್ಲಿ ತಂಪು ಚಾವಣಿಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದುದಕ್ಕೆ ಹಿನ್ನೆಲೆಯಾದ ತತ್ತ್ವವೂ ಇದೇ.

ಮೂರು ಚಾವಣಿಗಳು, ಮೂರು ಉಪಾಯಗಳು

ಚಂದಕವಾಡಿಯಂತಹ ಊರುಗಳಲ್ಲಿ ಕಾಂಕ್ರೀಟಿನ ತಾರಸಿ, ಹೆಂಚಿನ ಮಾಡು, ತಗಡು ಅಥವಾ ಸಿಮೆಂಟು ಶೀಟಿನ ಸೂರು ಎಂಬ ಮೂರು ಬಗೆಯ ಚಾವಣಿಗಳು ಅಕ್ಕಪಕ್ಕದಲ್ಲಿಯೇ ಇರುತ್ತವೆ. ಪ್ರತಿಯೊಂದರ ರೋಗವೂ ಬೇರೆ, ಮದ್ದೂ ಬೇರೆ.

ಕಾಂಕ್ರೀಟಿನ ತಾರಸಿ ಶಾಖವನ್ನು ಬಿಡುವುದಷ್ಟೇ ಅಲ್ಲ, ಕೂಡಿಯೂ ಇಡುತ್ತದೆ. ಹಗಲೆಲ್ಲ ಕಾದು, ಕೆಲವು ಗಂಟೆಗಳು ಕಳೆದ ಮೇಲೆ ಕೆಳಕ್ಕೆ ಸೂಸತೊಡಗುತ್ತದೆ. ಹೊರಗೆ ತಂಗಾಳಿ ಬೀಸುತ್ತಿರುವ ರಾತ್ರಿ ಎಂಟು ಗಂಟೆಯಲ್ಲಿ ಕೋಣೆ ಬೇಯುವುದು ಇದರಿಂದಲೇ. ಇಂತಹ ತಾರಸಿಗೆ ತಡೆಯನ್ನು ಮೇಲೆ ಹಾಸುವುದು ಉತ್ತಮ. ಆಗ ಕಾಂಕ್ರೀಟಿನ ರಾಶಿ ಬಿಸಿಲಿಗೆ ಕಾಯುವುದೇ ಇಲ್ಲ. ರಾತ್ರಿ ಕಿಟಕಿಗಳನ್ನು ತೆರೆದಿಟ್ಟರೆ ಒಳಗಿನ ತಂಪನ್ನು ಹೀರಿಕೊಂಡು ಮಾರನೆಯ ಹಗಲಿಗೆ ಅದನ್ನು ಉಳಿಸಿಕೊಡುತ್ತದೆ. ಕಿಟಕಿ ತೆರೆಯುವುದನ್ನು ಮರೆತರೆ ತಡೆಯು ಒಳಗಿನ ಬಿಸಿಯನ್ನೂ ಹೋಗಗೊಡದೆಂಬುದನ್ನು ನೆನಪಿಡಬೇಕು. ರಾಗಿ, ಮೆಣಸಿನಕಾಯಿ ಒಣಹಾಕಲು ತಾರಸಿಯ ಮೇಲೆ ಓಡಾಡುವುದುಂಟು. ಆದುದರಿಂದ ಒತ್ತಡವನ್ನು ತಾಳುವ ಗಟ್ಟಿಯಾದ ಹಲಗೆಗಳನ್ನು ಆರಿಸಿ, ನೀರು ಇಳಿಯದಂತೆ ಪದರ ಹಾಕಿಸಿ, ಮೇಲೆ ಗಾರೆಯನ್ನಾಗಲಿ ಬಿಳಿಯ ಹೆಂಚಿನ ಚೂರುಗಳನ್ನಾಗಲಿ ಕೂರಿಸಬೇಕು. ಬೋರಲು ಹಾಕಿದ ಮಣ್ಣಿನ ಕುಡಿಕೆಗಳನ್ನು ಸಾಲಾಗಿ ಇಟ್ಟು ನಡುವೆ ಗಾರೆ ತುಂಬುವ ಹಳೆಯ ಪದ್ಧತಿಯೂ ಸೆರೆಸಿಕ್ಕ ಗಾಳಿಯ ತತ್ತ್ವವನ್ನೇ ಅವಲಂಬಿಸಿದೆ. ಇಷ್ಟಕ್ಕೆ ಹಣ ಸಾಲದಿದ್ದರೆ ಸುಣ್ಣಕ್ಕೆ ತುಸು ಬಿಳಿ ಸಿಮೆಂಟನ್ನೂ ಅಂಟನ್ನೂ ಬೆರೆಸಿ ಪ್ರತಿ ವರ್ಷ ಬೇಸಗೆಗೆ ಮುನ್ನ ಬಳಿಯುವುದರಿಂದಲೇ ಅರ್ಧ ಕೆಲಸವಾಗುತ್ತದೆ.

ಹೆಂಚಿನ ಮಾಡಿನ ಸಂಗತಿ ಬೇರೆ. ೧೮೬೫ ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಂಗಳೂರು ಹೆಂಚು ನಾಡಿನಲ್ಲೆಲ್ಲ ಹರಡಿತು. ಅದಕ್ಕೂ ಮೊದಲು ನಾಡಹೆಂಚಿನ ಬಳಕೆಯಿದ್ದಿತು. ಹೆಂಚು ತೆಳುವಾದುದರಿಂದ ಸಂಜೆಯಾಗುತ್ತಲೆ ಆರುತ್ತದೆ. ಸಂದುಗಳಲ್ಲಿ ಗಾಳಿಯಾಡಿ ಬಿಸಿಗಾಳಿ ಹೊರಕ್ಕೆ ಹೋಗುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಮಾಡಿನ ಕೆಳಗೆ ಅಟ್ಟವಿದ್ದು, ಮಾಡಿಗೂ ಕೋಣೆಗೂ ನಡುವೆ ಒಂದು ದೊಡ್ಡ ಗಾಳಿಯ ಪದರವೂ ಮರದ ಹಲಗೆಯೂ ಅಡ್ಡ ಬರುತ್ತಿದ್ದುವು. ಹೆಂಚಿನ ಮನೆಯನ್ನು ತಂಪಾಗಿಸಲು ಬಯಸುವವರು ಈ ಅಟ್ಟವನ್ನೇ ಹೊಸ ರೂಪದಲ್ಲಿ ಮರಳಿ ಕಟ್ಟಬೇಕು. ಮಾಡಿನ ಕೆಳಗೆ ಒಂದು ಒಳಚಾವಣಿಯನ್ನು ಕೂರಿಸಿ, ನಡುವಣ ಜಾಗದಲ್ಲಿ ಗಾಳಿ ಹಾದುಹೋಗಲು ಸೂರಿನಂಚಿನಲ್ಲಿಯೂ ನೆತ್ತಿಯಲ್ಲಿಯೂ ಕಂಡಿಗಳನ್ನು ಬಿಡಬೇಕು. ಕಂಡಿಗಳನ್ನು ಮುಚ್ಚಿದರೆ ಹೆಂಚಿನ ಗುಣವೇ ಹಾಳಾಗುತ್ತದೆ.

ತಗಡಿನ ಸೂರಿಗೆ ರೋಧವೆಂಬುದೇ ಇಲ್ಲವೆನ್ನಬಹುದು. ಹೊಳೆಯುವ ಸತುವಿನ ತಗಡು ಬಿಸಿಲನ್ನು ಸ್ವಲ್ಪ ಮಟ್ಟಿಗೆ ಹಿಂದಿರುಗಿಸಿದರೂ ಹೀರಿಕೊಂಡ ಶಾಖವನ್ನು ಕಿರಣರೂಪದಲ್ಲಿ ಆಕಾಶಕ್ಕೆ ಬಿಟ್ಟುಕೊಡಲಾರದು. ಆದುದರಿಂದ ಅದು ಕೈಯಿಡಲಾರದಷ್ಟು ಕಾಯುತ್ತದೆ. ಬಿಳಿಯ ಬಣ್ಣ ಈ ಎರಡೂ ಕೆಲಸಗಳನ್ನು ಮಾಡುತ್ತದೆ. ಇನ್ನು ಒಳಮೈ. ೬೦ ಡಿಗ್ರಿಗೆ ಕಾದ ಬಣ್ಣದ ತಗಡು ಅಥವಾ ಸಿಮೆಂಟು ಶೀಟು ೩೦ ಡಿಗ್ರಿಯ ಕೋಣೆಗೆ ಚದರ ಮೀಟರಿಗೆ ಸುಮಾರು ೨೦೦ ವ್ಯಾಟಿನಷ್ಟು ಕಿರಣಗಳನ್ನು ಸುರಿಯುತ್ತದೆ. ಹೊಳಪಾದ ಅಲ್ಯೂಮಿನಿಯಮ್ ಹಾಳೆಯ ಮೈಯಿಂದ ಅದೇ ಕಾವಿನಲ್ಲಿ ಹೊರಡುವುದು ಇದರ ಇಪ್ಪತ್ತರಲ್ಲೊಂದು ಪಾಲಿನಷ್ಟು ಮಾತ್ರ. ಈ ಹಾಳೆಗಳು ಸಾರ್ಥಕವಾಗುವುದು ಇಂತಹ ಸೂರುಗಳ ಕೆಳಗೆ. ಆದರೆ ಹಾಳೆಯ ಹೊಳಪು ಮೈಯ ಎದುರಿಗೆ ಎರಡು ಸೆಂಟಿಮೀಟರಾದರೂ ಬರಿದಾದ ಗಾಳಿಯ ಜಾಗವಿರಬೇಕು. ಹಾಳೆಯನ್ನು ಎರಡು ಗಾರೆಗಳ ನಡುವೆ ಹುದುಗಿಸಿದರೆ ಕಿರಣದ ಮಾತೇ ಇಲ್ಲ. ಲೋಹದ ಮೂಲಕ ಶಾಖ ಸಲೀಸಾಗಿ ಹರಿದುಹೋಗುತ್ತದೆ, ಹಣವೂ ಅದರೊಡನೆ ಹೋಗುತ್ತದೆ. ಹೊಳಪು ಮೈ ಕೆಳಮುಖವಾಗಿದ್ದರೆ ಧೂಳು ಕೂರದೆ ಬಹುಕಾಲ ಕೆಲಸ ಮಾಡುತ್ತದೆ.

ಹುಳುಮನೆಯ ಪಾಠ

ಚಾಮರಾಜನಗರದ ಸೀಮೆ ಹಿಪ್ಪುನೇರಳೆಗೆ ಹೆಸರಾದುದು. ಇಲ್ಲಿ ಚಾವಣಿಯ ತಪ್ಪು ಹಣದ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ನಾಲ್ಕನೆಯ ಜ್ವರವನ್ನು ಕಳೆದ ರೇಷ್ಮೆಹುಳುಗಳು ತಮ್ಮ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಆ ಕಡೆಯ ಹಂತದಲ್ಲಿ ತಿನ್ನುತ್ತವೆ. ಆಗ ಅವುಗಳಿಗೆ ೨೪–೨೫ ಡಿಗ್ರಿಯ ಸುಮಾರಿನ ಹವೆ ಹಿತ. ೩೦ ಡಿಗ್ರಿ ಮೀರಿದ ಕಾವು ಮುಂದುವರಿದರೆ ಹುಳುಗಳು ಮೇವು ಬಿಟ್ಟು ಸಪ್ಪೆರೋಗಕ್ಕೆ ಈಡಾಗುತ್ತವೆ. ಸಾಲ ಮಾಡಿ ಸಾಕಿದ ಬೆಳೆ ಚಂದ್ರಿಕೆಗೆ ಏರುವ ಮೊದಲೇ ಕೈಬಿಡಬಹುದು. ಮನುಷ್ಯನು ಬೇಗೆಯಾದರೆ ಎದ್ದು ಜಗುಲಿಗೆ ಹೋಗುತ್ತಾನೆ. ತಟ್ಟೆಯಲ್ಲಿನ ಹುಳು ಎಲ್ಲಿಗೆ ಹೋದೀತು?

ಹುಳುಮನೆಗೆ ತಂಪಿನೊಡನೆ ತೇವವೂ ಗಾಳಿಯೂ ಬೇಕು. ಬರಿಯ ತಗಡಿನ ಸೂರಿದ್ದರೆ ಅದರ ಮೇಲೆ ಬಿಳಿಯ ಬಣ್ಣ, ಅದರ ಕೆಳಗೆ ಗಾಳಿಯಾಡುವ ಸಂದು ಬಿಟ್ಟು ಒಳಚಾವಣಿ ಅಥವಾ ಹೊಳಪು ಹಾಳೆ ಹಾಕುವುದು ಯುಕ್ತ. ಬೇಸಗೆಗಾಗಿ ಸೂರಿನ ಮೇಲೆ ತೆಂಗಿನ ಗರಿಗಳನ್ನು ಹೊದಿಸಿದರೂ ತಕ್ಕಮಟ್ಟಿಗೆ ಫಲವುಂಟು. ಗರಿಗಳ ಎಡೆಯಲ್ಲಿ ಗಾಳಿಯೂ ನಿಲ್ಲುತ್ತದೆ, ತಗಡಿಗೆ ನೆರಳೂ ಆಗುತ್ತದೆ. ಬೆಂಕಿಯ ಭಯವಿರುವುದರಿಂದ ಹತ್ತಿರದಲ್ಲಿ ಒಲೆ, ವಿದ್ಯುತ್ ತಂತಿಗಳಿಲ್ಲದಂತೆ ನೋಡಿಕೊಳ್ಳಬೇಕು.

ಕೊಳ್ಳುವ ಮುನ್ನ

ತಂಪಿನ ಆಸೆಯಲ್ಲಿ ಕೆಲವು ಅಪಾಯಗಳನ್ನು ಮರೆಯಬಾರದು. ಥರ್ಮೊಕೋಲ್ ಸುಲಭವಾಗಿ ಹೊತ್ತಿಕೊಂಡು ಕಪ್ಪು ಹೊಗೆಯನ್ನು ಕಾರುತ್ತದೆ. ಅದನ್ನು ಕೋಣೆಯೊಳಗೆ ಬರಿದಾಗಿ ಅಂಟಿಸಬಾರದು. ಸೌದೆಯ ಒಲೆಯಿರುವ ಅಡಿಗೆಮನೆಯಲ್ಲಂತೂ ಕೂಡದು. ಗಾಜಿನ ಉಣ್ಣೆ ಹೊತ್ತದು. ಆದರೆ ಅದರ ಎಳೆಗಳು ಚರ್ಮಕ್ಕೂ ಕಣ್ಣಿಗೂ ತುರಿಕೆ ತರುತ್ತವೆ, ನೆನೆದರೆ ಕೆಡುತ್ತವೆ. ಹುಲ್ಲು, ನಾರುಗಳಿಗೆ ಗೆದ್ದಲು ಮತ್ತು ಇಲಿಗಳ ಕಾಟವುಂಟು. ಹಳೆಯ ಕಲ್ನಾರಿನ ಶೀಟುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ. ಒಳಚಾವಣಿ ಕೂರಿಸಲೆಂದು ಅಂತಹ ಶೀಟನ್ನು ಕೊರೆಯುವುದು, ಮುರಿಯುವುದು, ಉಜ್ಜುವುದು ಸಲ್ಲದು. ಒಳಚಾವಣಿಯ ಭಾರವನ್ನು ಗೋಡೆಗೆ ಇಲ್ಲವೆ ತೊಲೆಗೆ ಹೊರಿಸಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ. ಇದರ ವಹನಾಂಕವೆಷ್ಟು, ದಪ್ಪವೆಷ್ಟು? ನೆನೆದರೆ ಏನಾಗುತ್ತದೆ? ಬೆಂಕಿ ತಗುಲಿದರೆ ಏನಾಗುತ್ತದೆ? ಮೊದಲನೆಯದರ ಉತ್ತರದಿಂದ ರೋಧವನ್ನು ನಾವೇ ಲೆಕ್ಕ ಹಾಕಬಹುದು. ಉತ್ತರ ಕೊಡದೆ ಎಷ್ಟು ಡಿಗ್ರಿ ತಂಪೆಂದು ಮಾತ್ರ ಹೇಳುವವರ ಮಾತನ್ನು ನಂಬಿ ಹಣ ತೆರಬೇಕಾಗಿಲ್ಲ.

ನೀವೇ ಮಾಡಿ ನೋಡಿ

ಒಂದೇ ಅಳತೆಯ ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ತೆಗೆದುಕೊಳ್ಳಿ. ನಾಲ್ಕಕ್ಕೂ ತಗಡಿನ ಮುಚ್ಚಳವಿಡಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದರ ಮೇಲ್ಮೈಗೆ ಸುಣ್ಣ ಬಳಿಯಿರಿ. ಮೂರನೆಯದರ ಕೆಳಗೆ ಎರಡು ಸೆಂಟಿಮೀಟರು ಸಂದು ಬಿಟ್ಟು ಅಡಿಗೆಯ ಅಲ್ಯೂಮಿನಿಯಮ್ ಹಾಳೆಯನ್ನು ಕಟ್ಟಿರಿ. ನಾಲ್ಕನೆಯದರ ಕೆಳಗೆ ಒಂದು ಅಂಗುಲದ ಥರ್ಮೊಕೋಲ್ ಇಡಿ. ಪ್ರತಿಯೊಂದರ ಪಕ್ಕದಲ್ಲಿ ತೂತು ಮಾಡಿ ಉಷ್ಣಮಾಪಕವನ್ನು ತೂರಿಸಿ, ನಾಲ್ಕನ್ನೂ ಒಂದೇ ಬಿಸಿಲಿನಲ್ಲಿಡಿ. ಕಾಲು ಗಂಟೆಗೊಮ್ಮೆ ಕಾವನ್ನು ಬರೆದುಕೊಂಡು ನಕ್ಷೆ ಎಳೆಯಿರಿ. ಬಳಿಕ ನಾಲ್ಕನ್ನೂ ನೆರಳಿಗೆ ತಂದು ಯಾವುದು ಬೇಗ ಆರುವುದೆಂಬುದನ್ನೂ ಗಮನಿಸಿರಿ. ಎರಡನೆಯ ಮತ್ತು ನಾಲ್ಕನೆಯ ಉಪಾಯಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರೆ ಫಲವೇನು? ನಮ್ಮ ಲೆಕ್ಕ ಸರಿಯೇ ಎಂಬುದನ್ನು ನಿಮ್ಮ ಪೆಟ್ಟಿಗೆಯೇ ಹೇಳಲಿ.

ಮುಂದಿನ ಏಪ್ರಿಲಿನಲ್ಲಿ ಸೂರ್ಯನು ಮತ್ತೆ ಚಂದಕವಾಡಿಯ ನೆತ್ತಿಗೆ ಬರುತ್ತಾನೆ. ಅವನು ತರುವ ಹತ್ತು ಒಲೆಗಳನ್ನು ನಾವು ಆರಿಸಲಾರೆವು. ಆದರೆ ಅವುಗಳ ಶಾಖದಲ್ಲಿ ಎಷ್ಟು ಪಾಲನ್ನು ಹೊರಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬೇಕು, ಎಷ್ಟನ್ನು ದಾರಿಯಲ್ಲಿ ತಡೆಯಬೇಕು ಎಂಬುದನ್ನು ತೀರ್ಮಾನಿಸುವ ಶಕ್ತಿ ನಮಗಿದೆ. ಒಂದು ಬಕೀಟು ಸುಣ್ಣದಿಂದ ಆ ಕೆಲಸವನ್ನು ಆರಂಭಿಸಬಹುದು.